ಕೂಗದೆ ಹೋದ ಪೆಟ್ಟಿಗೆ

ಲಿಂಡೆನ್‌ಫೆಲ್ಡ್, ಕ್ಯಾನ್ಸಸ್
ಮಂಗಳವಾರ, ಜೂನ್ 3, 1986

ಪ್ರೀತಿಯ ಮಗ ಡೆಲ್ಬರ್ಟ್,

ಮೊದಲು ನಿನ್ನ ಬೆನ್ನು ಹೇಗಿದೆ ಹೇಳು. ಹಗಲೆಲ್ಲ ಕಟಾವು ಯಂತ್ರದ ಮೇಲೆ ಕುಲುಕಾಡಿದ ಮನುಷ್ಯ ರಾತ್ರಿ ಟ್ರೇಲರಿನ ಆ ಕಿರಿದಾದ ಹಲಗೆಯ ಮೇಲೆ ಮಲಗಿದರೆ ಬೆನ್ನು ಉಳಿಯುವುದುಂಟೇ. ನಾನು ಹೆಣೆದುಕೊಟ್ಟ ಉಣ್ಣೆಯ ಪಟ್ಟಿಯನ್ನು ನೀನು ಸೊಂಟಕ್ಕೆ ಸುತ್ತಿಕೊಳ್ಳುತ್ತಿಲ್ಲ, ಅದು ನನಗೆ ಗೊತ್ತು. ಸುತ್ತಿಕೊಳ್ಳುತ್ತಿದ್ದೇನೆ ಎಂದು ಬರೆದರೂ ನಂಬುವುದಿಲ್ಲ. ಒಕ್ಲಹೋಮಾದ ನೀರು ನಿನ್ನ ಹೊಟ್ಟೆಗೆ ಆಗುವುದಿಲ್ಲ, ಕುದಿಸಿ ಕುಡಿ. ಕಳೆದ ಪತ್ರದಲ್ಲಿ ನಿಮ್ಮ ಗೋಧಿ ಕಟಾವು ತಂಡದ ಅಡುಗೆಯವಳನ್ನು ಅಷ್ಟುದ್ದ ಹೊಗಳಿದ್ದೀಯ. ಅದನ್ನು ಓದಿದ ಕೂಡಲೇ ನನಗೆ ಅನುಮಾನ ಬಂತು, ಊಟ ಬಾಯಿಗಿಡುವ ಹಾಗಿಲ್ಲ, ಅಮ್ಮ ಕೊರಗಬಾರದೆಂದು ಹೀಗೆ ಬರೆದಿದ್ದಾನೆ ಎಂದು. ನನ್ನ ಮಂಡಿಗಳು ಎಂದಿನ ಹಾಗೇ ಇವೆ. ಬೆರಳುಗಳು ಮಾತ್ರ ಇನ್ನೂ ಸೊಟ್ಟಗಾಗಿವೆ, ಈ ಅಕ್ಷರಗಳನ್ನು ನೋಡಿದರೆ ನಿನಗೇ ಗೊತ್ತಾಗುತ್ತದೆ. ಹಸಿವು ಚೆನ್ನಾಗಿದೆ. ನಿದ್ರೆ ಇಲ್ಲ, ಆದರೆ ಅದಕ್ಕೆ ಕಾರಣ ಕಾಯಿಲೆಯಲ್ಲ.

ಈಗ ಸುದ್ದಿ. ಮುಂದೆ ಓದುವ ಮೊದಲೇ ಹೇಳಿಬಿಡುತ್ತೇನೆ, ನಾವು ಕ್ಷೇಮವಾಗಿದ್ದೇವೆ, ಮನೆಯೂ ನಿಂತಿದೆ. ಕೋಳಿಮನೆಯ ಹತ್ತಿರ ಜಾರಿಬಿದ್ದು ಮಣಿಕಟ್ಟು ಮುರಿಯಿತು ಎಂದು ಮಾರ್ಲಿಸ್ ನಿನಗೆ ಫೋನಿನಲ್ಲಿ ಹೇಳಿದಳಲ್ಲ, ಅದರಲ್ಲಿ ಅರ್ಧ ಮಾತ್ರ ನಿಜ. ನಿನ್ನ ಹೆಂಡತಿ ಜಾರಿದ್ದು ನಮ್ಮ ನೆಲಮಾಳಿಗೆಯ ಮೆಟ್ಟಿಲ ಮೇಲೆ, ಈ ಮುದುಕಿಯನ್ನು ಎತ್ತಿಕೊಂಡು. ಕಳೆದ ಗುರುವಾರ ಸಂಜೆ ಸುಂಟರಗಾಳಿ ಬಂತು. ನಮ್ಮ ಕೂಗುಪೆಟ್ಟಿಗೆ, ಆ ಹವಾಮಾನದ ರೇಡಿಯೋ, ಕೂಗಲಿಲ್ಲ. ಮಾರ್ಲಿಸ್ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ನಾನು ಒಳಗೆ ಕೂತು ಬಟಾಣಿ ಸುಲಿಯುತ್ತಿದ್ದೆ. ಬೆಳಕು ಹಸಿರುಗಟ್ಟಿದ್ದನ್ನು ನೋಡಿ ಅವಳು ತಲೆಯೆತ್ತಿದ್ದಾಳೆ, ಪಕ್ಕದ ಶ್ಮಿಟ್‌ನವರ ಹೊಲದಾಚೆ ಅದು ಆಗಲೇ ನೆಲಕ್ಕಿಳಿದಿತ್ತಂತೆ. ಬಟ್ಟೆ ಬುಟ್ಟಿ ಅಲ್ಲೇ ಬಿಸಾಡಿ ಓಡಿ ಬಂದವಳು ನನ್ನನ್ನು ಕುರ್ಚಿಯಿಂದ ಎತ್ತಿಕೊಂಡಳು. ವಾಕರ್ ಹಿಡಿದು ನಾನು ಮೆಟ್ಟಿಲಿಳಿಯುವುದಕ್ಕೆ ಎಷ್ಟು ಹೊತ್ತು ಬೇಕು ಎನ್ನುವುದು ನಿನಗೆ ಗೊತ್ತಿದೆ. ಅಷ್ಟು ಹೊತ್ತು ಇರಲಿಲ್ಲ. ಕೊನೆಯ ಮೆಟ್ಟಿಲುಗಳಲ್ಲಿ ಅವಳ ಕಾಲು ತಪ್ಪಿತು. ಅವಳು ಕೆಳಗೆ, ನಾನು ಮೇಲೆ. ಅವಳ ಕೈ ಮುರಿದ ಸದ್ದು ನನಗೆ ಕೇಳಿಸಿತು, ಡೆಲ್ಬರ್ಟ್. ನನ್ನ ಭಾರಕ್ಕೆ ಮುರಿಯಿತು. ಗಾಳಿ ಕೋಳಿಮನೆಯ ಸೂರನ್ನು ಕಿತ್ತುಕೊಂಡು, ಶ್ಮಿಟ್‌ನವರ ಯಂತ್ರದ ಕೊಟ್ಟಿಗೆಯನ್ನು ನೆಲಸಮ ಮಾಡಿ ಹೋಯಿತು. ನಮ್ಮ ಗೋಧಿಗೆ ಏನೂ ಆಗಿಲ್ಲ, ದೇವರ ದಯ.

ನಾವು ಮೇಲೆ ಬಂದಾಗ ಬ್ರೆಡ್ ಡಬ್ಬಿಯ ಮೇಲಿನ ಹಲಗೆಯಲ್ಲಿ ಆ ಪೆಟ್ಟಿಗೆ ಏನೂ ಅರಿಯದ ಹಾಗೆ ಕೂತಿತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ನೋಡಿಯೇ ನನಗೆ ಮೈ ಉರಿಯಿತು. ನಿನ್ನಪ್ಪ ಇದ್ದಾಗ ನೀನು ಅದನ್ನು ಕೊಂಡು ತಂದ ಮೇಲೆ ಒಂದು ಸಲವೂ ಅದು ಮೋಸ ಮಾಡಿದ್ದಿಲ್ಲ. ಊರಿನ ಸೈರನ್ ನಮ್ಮ ಮನೆಯವರೆಗೆ ಕೇಳುವುದಿಲ್ಲ. ಹವಾಮಾನ ಕಚೇರಿಯವರು ಎಚ್ಚರಿಕೆಯ ಸಿಳ್ಳೆ ಕಳಿಸಿದ ಕೂಡಲೇ ಅದು ಕಿರುಚುತ್ತಿತ್ತು, ನಾನು ಚಾದರ ಹೊದ್ದು, ವಾಕರ್ ಹಿಡಿದು, ನಿಧಾನವಾಗಿ ಮರ್ಯಾದೆಯಿಂದ ಮೆಟ್ಟಿಲಿಳಿಯುತ್ತಿದ್ದೆ. ಈ ಮನೆಯಲ್ಲಿ ನಾನು ಇರಬಹುದೋ ಬೇಡವೋ ಎನ್ನುವುದು ಆ ಪೆಟ್ಟಿಗೆಯ ಮೇಲೇ ನಿಂತಿದೆ ಎಂದು ನೀನೇ ನಿನ್ನ ಅಕ್ಕನಿಗೆ ಹೇಳಿದ್ದೆ. ನೆನಪಿದೆಯೇ? ಈಸ್ಟರ್ ಊಟದ ದಿನ ಲೊರೀನ್ ಮತ್ತೆ ಆ ವೃದ್ಧಾಶ್ರಮದ ವಿಷಯ ತೆಗೆದಾಗ, "ಪೆಟ್ಟಿಗೆ ಕೂಗ್ತಿರೋವರೆಗೂ ಅಮ್ಮ ಇಲ್ಲೇ ಇರ್ತಾಳೆ, ಸುಮ್ನಿರು" ಎಂದಿದ್ದೆ.

ನಾನೂ ಅದನ್ನು ಮರೆತಿಲ್ಲ, ನಿನ್ನ ಅಕ್ಕನೂ ಮರೆತಿಲ್ಲ. ಪೆಟ್ಟಿಗೆ ತಾನಾಗಿ ಕೆಟ್ಟಿಲ್ಲ, ಯಾರೋ ಕೆಡಿಸಿದ್ದಾರೆ ಎಂದು ನನಗೆ ಶುಕ್ರವಾರ ಬೆಳಿಗ್ಗೆಯೇ ಅನ್ನಿಸಿತು. ಮಾರ್ಲಿಸ್ ಆಸ್ಪತ್ರೆಗೆ ಹೋಗಿದ್ದಳು, ನಾನು ಒಬ್ಬಳೇ ಕೂತು ಆ ಪೆಟ್ಟಿಗೆಯನ್ನು ನೋಡಿದೆ. ಹಲಗೆಯ ಮೇಲೆಲ್ಲ ಹಿಟ್ಟಿನ ದೂಳು, ಪೆಟ್ಟಿಗೆಯ ಮೈ ಮಾತ್ರ ಶುಭ್ರ. ಬೆನ್ನಿನ ಮುಚ್ಚಳದ ಸ್ಕ್ರೂಗಳ ತಲೆಗಳು ಹೊಸದಾಗಿ ಹೊಳೆಯುತ್ತಿದ್ದವು. ಎರಡು ಭಾನುವಾರದ ಹಿಂದೆ ಲೊರೀನ್ ಬಂದಿದ್ದಳು. ನಾನು ಮಲಗಿದ್ದಾಗ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಹೊರಡುವಾಗ ತಾನಾಗಿ ಕೇಳಿದಳು, "ಅಮ್ಮಾ, ಆ ಡಬ್ಬ ಇನ್ನೂ ಕೂಗತ್ತಾ?" ಎಂದು. ಯಾರಾದರೂ ಸುಮ್ಮಸುಮ್ಮನೆ ಹಾಗೆ ಕೇಳುತ್ತಾರೆಯೇ? ಇನ್ನೊಂದು ಮಾತು. ವಾರಕ್ಕೊಮ್ಮೆ ಬುಧವಾರ ಹನ್ನೊಂದು ಗಂಟೆಗೆ ಹವಾಮಾನದವರು ಪರೀಕ್ಷೆಗೆಂದು ಸಿಳ್ಳೆ ಕಳಿಸುತ್ತಾರೆ, ಪೆಟ್ಟಿಗೆ ಕೂಗುತ್ತದೆ. ಆ ಹೊತ್ತಿಗೆ ನಾನು, ಮಾರ್ಲಿಸ್ ಇಬ್ಬರೂ ಚರ್ಚಿನ ಹೊಲಿಗೆ ಕೂಟದಲ್ಲಿರುತ್ತೇವೆ. ಅಂದರೆ ನೀನು ಊರಲ್ಲಿಲ್ಲದಾಗ ಪೆಟ್ಟಿಗೆ ಮೂಕಾದರೆ ಗಾಳಿ ಬರುವವರೆಗೆ ನಮಗೆ ತಿಳಿಯುವುದೇ ಇಲ್ಲ. ಇದು ಯಾರಿಗೆ ಗೊತ್ತು? ಅದೇ ಹೊಲಿಗೆ ಕೂಟದಲ್ಲಿ ನನ್ನ ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿಕೊಡುವ ನಿನ್ನ ಅಕ್ಕನಿಗೆ ಗೊತ್ತು.

ನನ್ನನ್ನು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಸ್ವಲ್ಪ ತಾಳು. ಲೊರೀನ್ ಒಬ್ಬಳನ್ನೇ ನಾನು ಅನುಮಾನಿಸಿಲ್ಲ. ಅರ್ಧ ದಿನ ಮಾರ್ಲಿಸ್‌ಳನ್ನೂ ಅನುಮಾನಿಸಿದೆ, ಪೆಟ್ಟಿಗೆ ಕೂಗಿದರೆ ಕೋಳಿಗಳು ಮೊಟ್ಟೆ ನಿಲ್ಲಿಸುತ್ತವೆ ಎಂದು ಅವಳು ಗೊಣಗುತ್ತಿದ್ದಳಲ್ಲ. ಆದರೆ ಕೈ ಮುರಿದುಕೊಂಡವಳು ಅವಳು, ಹಾಗಾಗಿ ಬಿಟ್ಟುಬಿಟ್ಟೆ. ಶ್ಮಿಟ್‌ನವರ ಮುದುಕನ ಮೇಲೂ ಸ್ವಲ್ಪ ಹೊತ್ತು ಕಣ್ಣಿಟ್ಟೆ, ಅವನು ಎರವಲು ತಂದದ್ದನ್ನೆಲ್ಲ ಬಿಚ್ಚಿ ನೋಡುವ ಮನುಷ್ಯ. ಕಳ್ಳ ಮತ್ತೆ ಬಂದರೆ ಗೊತ್ತಾಗಲಿ ಎಂದು ಶನಿವಾರ ಹಲಗೆಯ ಮೇಲೆ ತೆಳುವಾಗಿ ಮೈದಾ ಉದುರಿಸಿಟ್ಟೆ. ಮಾರ್ಲಿಸ್ ಒಂದೇ ಕೈಯಲ್ಲಿ ಅದನ್ನೆಲ್ಲ ಒರೆಸಿ, "ಅತ್ತೆ, ಹಿಟ್ಟು ಯಾಕೆ ಹೀಗೆ ಚೆಲ್ತೀರಿ, ಒರ್ಸೋಕೆ ನನಗಿರೋದು ಒಂದು ಕೈ" ಎಂದಳು. ಕೊನೆಗೆ ಭಾನುವಾರ ಲೊರೀನ್ ಬಂದಾಗ ಜಗುಲಿಯಲ್ಲೇ ಕೇಳಿಬಿಟ್ಟೆ, ಆ ಪೆಟ್ಟಿಗೆಗೆ ಕೈ ಹಾಕಿದವಳು ನೀನೇನಾ ಎಂದು. ಅವಳ ಮುಖ ಬಿಳಿಚಿತು. "ನಾನು ನಿನ್ನ ಮಗಳಮ್ಮಾ, ಕಳ್ಳಿ ಅಲ್ಲ" ಎಂದಷ್ಟೇ ಹೇಳಿ, ತಂದಿದ್ದ ಸಾರಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ತಪ್ಪಿಲ್ಲದವರ ಮುಖ ಯಾಕೆ ಬಿಳಿಚಬೇಕು?

ಮಾರ್ಲಿಸ್ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಆ ಸಂಜೆ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟು ಒಂದು ಮಾತು ಹೇಳಿದಳು. ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. "ಅತ್ತೆ, ಇದಕ್ಕೆ ಕೈ ಹಾಕಿದ್ದು ಯಾರು ಅಂತ ಗೊತ್ತಾದ ದಿನ, ಅವರು ಯಾರೇ ಆಗ್ಲಿ, ನಾನು ಮುಖ ನೋಡಲ್ಲ. ಅವತ್ತು ನೀವು ನನ್ನ ಕೈಯಲ್ಲಿ ಸತ್ತೋಗ್ತೀರಿ ಅಂದ್ಕೊಂಡೆ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಹೋದ ಆಗಸ್ಟಿನಲ್ಲಿ ಅವಳು ಬಟ್ಟೆಬರೆ ಕಟ್ಟಿ ತವರುಮನೆಗೆ ಹೊರಟು, ಕಾರಿನಲ್ಲಿ ಕೂತು, ಮತ್ತೆ ಇಳಿದು ಬಂದದ್ದು ನಿನಗೂ ಗೊತ್ತು, ನನಗೂ ಗೊತ್ತು. ಪ್ರತಿ ಬೇಸಿಗೆ ಗಂಡ ಗೋಧಿಯ ಹಿಂದೆ ಟೆಕ್ಸಸ್‌ನಿಂದ ಮೊಂಟಾನಾವರೆಗೆ ಹೋದರೆ, ಇಲ್ಲಿ ಮುದುಕಿಯನ್ನೂ ಕೋಳಿಗಳನ್ನೂ ನೋಡಿಕೊಂಡು ಕೂರುವುದು ಸುಲಭವಲ್ಲ. ಅವಳು ಇನ್ನೊಮ್ಮೆ ಕಾರಿನಲ್ಲಿ ಕೂತರೆ ಇಳಿಯುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ.

ನಾಳೆ ಬುಧವಾರ ಹೊಲಿಗೆ ಕೂಟ ಬಿಟ್ಟು ಮನೆಯಲ್ಲೇ ಇರುತ್ತೇವೆ, ವಿಲ್ಮರ್ ವೆಡೆಲ್ ಬರುತ್ತಾನೆ, ಪೆಟ್ಟಿಗೆ ರಿಪೇರಿಗೆ. ಊರಿನ ಟೀವಿಗಳೆಲ್ಲ ಅವನ ಕೈಯಲ್ಲಿ ಸತ್ತು ಅವನ ಕೈಯಲ್ಲೇ ಹುಟ್ಟುತ್ತವೆ ಎಂದು ಜಂಬ ಕೊಚ್ಚುತ್ತಾನಲ್ಲ, ಅವನೇ. ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಬಿಚ್ಚಬೇಕು ಎಂದು ಹೇಳಿಕಳಿಸಿದ್ದೇನೆ. ಅವನ ಅಂಗಡಿಗೆ ಹೋದ ಸಾಮಾನು ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ಕೆಟ್ಟು ಬರುತ್ತದೆ. ಮಿಕ್ಕಿದ್ದು ನಾಳೆ ಬರೆಯುತ್ತೇನೆ.

ಬುಧವಾರ, ಸಂಜೆ

ವಿಲ್ಮರ್ ಬೆಳಿಗ್ಗೆಯೇ ಬಂದ. ಒಂದು ಸೂಟ್‌ಕೇಸಿನ ತುಂಬ ಮುಳ್ಳಿನ ಮೀಟರು, ವೈರು, ಗುಂಡಿಗಳಿರುವ ಇನ್ನೊಂದು ಪೆಟ್ಟಿಗೆ. ಅದರಿಂದ ಅವನೇ ಸುಳ್ಳು ಸ್ಟೇಷನ್ ಹುಟ್ಟಿಸಬಲ್ಲನಂತೆ. ಕೆಲಸಕ್ಕೆ ಮೊದಲು ಒಂದರ ಮೇಲೊಂದು ಉಂಡೆ ಕೂರಿಸಿ ಬೇಯಿಸಿದ ಜ್ವೀಬಾಕ್ ಬನ್ನು ತಿಂದ, ಮೇಲಿನ ತುಂಡು ಬೇರೆ, ಕೆಳಗಿನ ತುಂಡು ಬೇರೆ, ಎರಡಕ್ಕೂ ಪ್ಲಮ್ ಜಾಮ್. ಆ ಜಾಮಿನ ಶೀಶೆಯ ಮುಚ್ಚಳ ತೆಗೆಯಲು ನನ್ನ ಕೈಯಲ್ಲಾಗದೆ ಅವನಿಗೇ ಕೊಟ್ಟೆ. ಆಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿ ಮುಚ್ಚಳ ತೆಗೆದ. ಮಾರ್ಲಿಸ್ ಕೋಳಿಮನೆಗೆ ತಗಡು ಹೊದಿಸುವುದನ್ನು ನೋಡಲು ಹಿತ್ತಿಲಿಗೆ ಹೋಗಿದ್ದಳು. ಲೊರೀನ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಅವನು ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ.

ಒಳಗೆ ಬೆರಳುಗುರಿನಷ್ಟು ಚಿಕ್ಕ ತಗಡಿನ ಡಬ್ಬಿಗಳ ಒಂದು ಸಾಲಿದೆ. ಪ್ರತಿ ಡಬ್ಬಿಯ ನೆತ್ತಿಯಲ್ಲೂ ಒಂದು ತೂತು, ತೂತಿನಲ್ಲಿ ನೋಡಿದರೆ ಸ್ಕ್ರೂವಿನ ತಲೆಯಂಥದೇ ಗೀರು. ಆದರೆ ಅದು ಸ್ಕ್ರೂ ಅಲ್ಲವಂತೆ. ತಂತಿಯ ಸುರುಳಿಯೊಳಗೆ ಮೇಲೆ ಕೆಳಗೆ ಸರಿಯುವ ಕಪ್ಪು ತುಂಡಂತೆ. ಕಾರ್ಖಾನೆಯವರು ಅದನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಒಂದು ಕಡೆ ನಿಲ್ಲಿಸಿರುತ್ತಾರೆ. ಅದು ಅಲುಗಿದರೆ ಪೆಟ್ಟಿಗೆ ಬೇರೆಲ್ಲೋ ಕಿವಿ ಕೊಟ್ಟು ಕೂರುತ್ತದೆ, ದೀಪ ಮಾತ್ರ ಉರಿಯುತ್ತಿರುತ್ತದೆ. ವಿಲ್ಮರ್ ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ನೋಡಿ ನಕ್ಕುಬಿಟ್ಟ. "ಅಗಾಥಾ ಅಕ್ಕ, ಇದು ಕೆಟ್ಟಿದ್ದಲ್ಲ. ಯಾರೋ ಪುಣ್ಯಾತ್ಮರು ಎಲ್ಲಾನೂ ತಳ ಮುಟ್ಟೋವರ್ಗೂ ಬಿಗಿ ಮಾಡಿಟ್ಟಿದಾರೆ. ಇಲ್ನೋಡಿ, ಒಂದು ಸೀಳೇ ಹೋಗಿದೆ." ಯಾರು ಹಾಗೆ ಮಾಡುತ್ತಾರೆ ಎಂದು ಕೇಳಿದೆ. ಅವನು ಜಾಮ್ ಹತ್ತಿದ ಬೆರಳು ನೆಕ್ಕಿಕೊಂಡು ಹೇಳಿದ, "ಈ ಸೀಮೆ ರೈತರಿಗೆ ಇದೊಂದು ರೋಗ. ರೇಡಿಯೋನೂ ಟ್ರ್ಯಾಕ್ಟರ್ ಥರ ಅಂದ್ಕೋತಾರೆ. ಸಡಿಲ ಅಂತ ಕಂಡ್ರೆ ಮುಗೀತು, ಬಿಗಿ ಮಾಡ್ದೆ ಕೈ ಸುಮ್ನಿರಲ್ಲ. ದೊಡ್ಡ ಸ್ಕ್ರೂಡ್ರೈವರ್, ಗಟ್ಟಿ ಕೈ. ಗಂಡಸಿನ ಕೈ."

ನಾನು ಇನ್ನೊಮ್ಮೆ ಹೇಳು ಎಂದೆ. ಅವನು ಹೇಳಿದ. ಆಮೇಲೆ ನನಗೆ ಅವನ ಮಾತು ಕೇಳಿಸಲಿಲ್ಲ. ಪ್ರತಿ ವರ್ಷ ಹೊರಡುವ ಹಿಂದಿನ ದಿನ ನೀನು ನಿನ್ನಪ್ಪನ ಸ್ಕ್ರೂಡ್ರೈವರ್ ಹಿಡಿದು ಮನೆಯೆಲ್ಲ ಸುತ್ತುತ್ತೀಯ. ಬಾಗಿಲಿನ ಕೀಲು, ಬಾಣಲೆಯ ಹಿಡಿ, ನನ್ನ ವಾಕರಿನ ಕಾಲು, ಮೆಟ್ಟಿಲಿನ ಕಂಬಿ. ಬಾಯಿ ತೆರೆದು ಹೋಗಿಬರುತ್ತೇನೆ ಎನ್ನಲು ಬಾರದವನು ಸ್ಕ್ರೂ ಬಿಗಿ ಮಾಡುತ್ತೀಯ. ಈ ವರ್ಷ ಪೆಟ್ಟಿಗೆಯನ್ನೂ ಬಿಚ್ಚಿ, ದೂಳು ಒರೆಸಿ, ಒಳಗೆ ಸಡಿಲವಾಗಿ ಕಂಡದ್ದನ್ನೆಲ್ಲ ಬಿಗಿ ಮಾಡಿ ಮುಚ್ಚಿದ್ದೀಯ. ಅದು ನೀನೇ, ಡೆಲ್ಬರ್ಟ್. ನನಗೆ ನಿನ್ನ ಮೇಲೆ ಕೋಪ ಬಂತು, ಸುಳ್ಳು ಹೇಳುವುದಿಲ್ಲ. ನಮ್ಮೆಲ್ಲರ ಜೀವ ನಿಂತಿರುವ ವಸ್ತುವನ್ನು ಬಿಚ್ಚುವ ಮೊದಲು ಒಂದು ಮಾತು ಕೇಳಬಾರದಿತ್ತೇ? ಆಮೇಲೆ ನೀನು ಇದೇ ಕುರ್ಚಿಯಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು, ಅಮ್ಮನಿಗೆ ಹೆಂಡತಿಗೆ ಏನೂ ಆಗದಿರಲಿ ಎಂದು ಒಂದೊಂದನ್ನೂ ತಿರುಗಿಸಿದ್ದು ಕಣ್ಣ ಮುಂದೆ ಬಂತು. ಕೋಪ ಹೋಗಲಿಲ್ಲ, ಆದರೂ ಕೈ ಚಾಚಿ ಈ ಕುರ್ಚಿಯ ತೋಳನ್ನು ಒಮ್ಮೆ ಸವರಿದೆ.

ರಿಪೇರಿಯ ವಿಷಯ ಹೇಳುತ್ತೇನೆ, ನಿನಗೆ ಬುದ್ಧಿ ಬರಲಿ. ಕಬ್ಬಿಣದ ಸ್ಕ್ರೂಡ್ರೈವರನ್ನು ಅವನು ಹತ್ತಿರಕ್ಕೂ ತರಲಿಲ್ಲ. ಅದು ಬಳಿಗೆ ಬಂದರೇ ಸುರುಳಿಯ ಲೆಕ್ಕ ತಪ್ಪುತ್ತದಂತೆ. ನನ್ನ ಕ್ರೋಶಾ ಕಡ್ಡಿಯಂಥ ಒಂದು ಪ್ಲಾಸ್ಟಿಕ್ ಕಡ್ಡಿ ತೆಗೆದ. ಸೀಳಿದ ತುಂಡಿಗೆ ಬದಲಾಗಿ ಹಳೆಯ ರೇಡಿಯೋ ಒಂದರಿಂದ ಇನ್ನೊಂದನ್ನು ಕಿತ್ತು ಕೂರಿಸಿದ. ಅವನು ಎರಡನೆಯ ದರ್ಜೆಯ ಮಾಲು ಹಾಕುತ್ತಿದ್ದಾನೋ ಎಂದು ನಾನು ಭೂತಗನ್ನಡಿ ಹಿಡಿದು ನೋಡಿದೆ. ಆಮೇಲೆ ತನ್ನ ಪೆಟ್ಟಿಗೆಯಿಂದ ಸುಳ್ಳು ಸ್ಟೇಷನ್ ಹಚ್ಚಿ, ಕಡ್ಡಿಯಿಂದ ಒಂದೊಂದು ಡಬ್ಬಿಯನ್ನೂ ತಿರುಗಿಸುತ್ತ ಮೀಟರಿನ ಮುಳ್ಳು ನೋಡುತ್ತಿದ್ದ. ಮುಳ್ಳು ಏರುತ್ತದೆ, ಏರುತ್ತದೆ, ಒಂದು ಕಡೆ ಬಂದು ಇಳಿಯತೊಡಗುತ್ತದೆ. ಅದು ಇಳಿಯತೊಡಗಿದ್ದೇ ಒಂಚೂರು ಹಿಂದಕ್ಕೆ. ಕೊನೆಯ ಡಬ್ಬಿಯಿಂದ ಮತ್ತೆ ಮೊದಲನೆಯದಕ್ಕೆ, ಮತ್ತೆ ಕೊನೆಗೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ತುಸು ತಪ್ಪುತ್ತದಂತೆ. ಕೊನೆಗೆ ಸುಳ್ಳು ಸ್ಟೇಷನ್ ತೆಗೆದು ಏರಿಯಲ್ ಉದ್ದ ಮಾಡಿದಾಗ, ಹುರಿಯುವ ಸದ್ದಿನ ನಡುವಿನಿಂದ ಹವಾಮಾನ ಕಚೇರಿಯ ಆ ಮೂಗುಮಾತಿನವನ ದನಿ ಬಂತು. ಗಾಳಿ ದಕ್ಷಿಣದಿಂದ, ಮಧ್ಯಾಹ್ನ ಗುಡುಗು. ಆ ದನಿಯನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಆದರೆ ಮಾತಾಡುವುದು ಬೇರೆ, ಕೂಗುವುದು ಬೇರೆ. ಪೆಟ್ಟಿಗೆಯೊಳಗೆ ಇನ್ನೊಂದು ಭಾಗವಿದೆ, ಅದಕ್ಕೆ ಒಂದೇ ಒಂದು ಸ್ವರ ಕೇಳಿಸುತ್ತದಂತೆ. ಅದನ್ನೂ ಅವನು ಹೊಂದಿಸಿದ, ಬುಧವಾರದ ಪರೀಕ್ಷೆಗೆ ಕೂಗುತ್ತದೆ ನೋಡಿ ಎಂದು ಕೈ ಕಟ್ಟಿ ಕೂತ. ಹನ್ನೊಂದಾಯಿತು. ಕೂಗಲಿಲ್ಲ. ನಾನು ಅವನ ಮುಖ ನೋಡಿದೆ, ಅವನು ಗಡಿಯಾರ ನೋಡಿದ. "ಎಲ್ಲಾ ಸರಿ ಇದೆ ಅಕ್ಕ" ಎನ್ನುತ್ತ ಕಿವಿಯೆಲ್ಲ ಕೆಂಪಗೆ ಮಾಡಿಕೊಂಡ. ಇವನಿಗೂ ಲೊರೀನ್‌ಗೂ ಏನಾದರೂ ಒಳಒಪ್ಪಂದ ಇದೆಯೇ ಎಂದು ಕೂಡ ಒಂದು ಕ್ಷಣ ಅನ್ನಿಸಿತು, ನೀನು ಮಾಡಿದ್ದೆಂದು ಗೊತ್ತಾದ ಮೇಲೂ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ. ಆಮೇಲೆ ಅವನು ದನಿ ಜೋರು ಮಾಡಿದ. ಮೂಗುಮಾತಿನವನು ಹೇಳುತ್ತಿದ್ದ, ಆಕಾಶ ಸರಿಯಿಲ್ಲ, ಜನ ಗಾಬರಿಯಾಗಬಾರದೆಂದು ಇವತ್ತಿನ ಪರೀಕ್ಷೆ ನಡೆಸುವುದಿಲ್ಲ. ವಿಲ್ಮರ್ ಇನ್ನೊಂದು ಜ್ವೀಬಾಕ್ ಕೇಳಿದ.

ಊಟದ ಹೊತ್ತಿಗೆ ಲೊರೀನ್ ಬಂದಳು. ಆಶ್ರಮದಲ್ಲಿ ಪೂರ್ವದ ಕಡೆಯ ಕೋಣೆಯೊಂದು ಖಾಲಿಯಾಗಿದೆಯಂತೆ, ಶನಿವಾರದೊಳಗೆ ಹೇಳಬೇಕಂತೆ. "ಪೆಟ್ಟಿಗೆ ಸರಿಯಾಯ್ತು, ನಾನು ಎಲ್ಲಿಗೂ ಬರಲ್ಲ" ಎಂದೆ. ನಾವು ಹೀಗೆ ಕಿತ್ತಾಡುತ್ತಿರುವಾಗಲೇ ಅದು ಕೂಗಿತು. ಪರೀಕ್ಷೆಯಲ್ಲ, ನಿಜದ್ದು, ನಮ್ಮ ಕೌಂಟಿಯ ಹೆಸರು ಹಿಡಿದು. ವಿಲ್ಮರ್ ಎದೆಯುಬ್ಬಿಸಿ ಎದ್ದು ನಿಂತ, ಮಾರ್ಲಿಸ್ ಅವನ ತೋಳು ಹಿಡಿದು ಮೆಟ್ಟಿಲ ಕಡೆ ತಳ್ಳಿದಳು. ನಾನು ವಾಕರ್ ಹಿಡಿದು, ಚಾದರ ಹೊದ್ದು, ನಾನಾಗಿಯೇ ಇಳಿದೆ. ಎಲ್ಲರೂ ಕೆಳಗೆ ಕೂತು ಎಷ್ಟೋ ಹೊತ್ತಾದ ಮೇಲೆ ಆಲಿಕಲ್ಲು ಬಿತ್ತು. ಸುಂಟರಗಾಳಿ ಉತ್ತರಕ್ಕೆ ದಾಟಿ ಹೋಯಿತು. ಗೋಧಿ ಸ್ವಲ್ಪ ಬಾಗಿದೆ, ಮಲಗಿಲ್ಲ. ಕೆಳಗೆ ಕೂತಾಗ ಏನೇನೋ ಮಾತಾಯಿತು, ಅದು ಇಲ್ಲಿ ಬೇಡ. ಈಗ ಪೆಟ್ಟಿಗೆ ತನ್ನ ಜಾಗದಲ್ಲಿ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದೆ, ಮಾರ್ಲಿಸ್ ಒಂದೇ ಕೈಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ.

ನಮ್ಮ ಹೊಲ ಕೊಯ್ಯಲು ನೀವು ಬರುವುದಕ್ಕೆ ಇನ್ನೆರಡು ವಾರ ಎಂದಿದ್ದೀಯ. ದಾರಿಯಲ್ಲಿ ಯಂತ್ರವನ್ನು ನಿಧಾನವಾಗಿ ಓಡಿಸು. ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳು, ಆ ಅಡುಗೆಯವಳಿಗೂ. ನಿನ್ನಪ್ಪ ಹೊಲಕ್ಕೆ ಹೊರಡುವಾಗ ಹೇಳುತ್ತಿದ್ದ ಪ್ರಾರ್ಥನೆಯನ್ನು ನಿನ್ನ ಹೆಸರಲ್ಲಿ ದಿನವೂ ಹೇಳುತ್ತಿದ್ದೇನೆ. ಕರ್ತನು ನಿನ್ನ ತಲೆಯನ್ನೂ ಬೆನ್ನನ್ನೂ ಕಾಯಲಿ.

ನಿನ್ನ ತಾಯಿ,
ಅಗಾಥಾ

ಗುರುವಾರ ಬೆಳಿಗ್ಗೆ. ಅಂಚೆಯವನ ಕಾರು ಶ್ಮಿಟ್‌ನವರ ಮನೆ ಹತ್ತಿರ ಕಾಣಿಸುತ್ತಿದೆ, ಬೇಗ ಬೇಗ ಬರೆಯುತ್ತೇನೆ. ನೆಲಮಾಳಿಗೆಯ ಮಾತನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ, ಆದರೆ ನೀನು ಮನೆಗೆ ಬಂದ ಕೂಡಲೇ ಬಾಯಿ ಬಿಟ್ಟುಬಿಡುತ್ತೀಯ ಎಂಬ ಭಯಕ್ಕೆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಆಲಿಕಲ್ಲು ಬೀಳುವಾಗ ಮಾರ್ಲಿಸ್ ವಿಲ್ಮರ್‌ನನ್ನು ನೇರವಾಗಿ ಕೇಳಿದಳು, "ಅಣ್ಣ, ಅದು ತಾನಾಗಿ ಕೆಟ್ಟಿತ್ತಾ, ಯಾರಾದ್ರೂ ಕೆಡಿಸಿದ್ರಾ?" ಅವನು, "ಯಾರೋ ಕೈ ಹಾಕಿದಾರಮ್ಮ" ಎಂದ. ಮಾರ್ಲಿಸ್ ತಿರುಗಿ ಲೊರೀನ್‌ಳ ಮುಖ ನೋಡಿದಳು. "ಹೇಳಿಬಿಡು ಲೊರೀನ್. ನನ್ನ ಕೈ ನೋಡ್ಕೊಂಡು ಹೇಳು" ಎಂದಳು. ನಿನ್ನ ಅಕ್ಕ ನನ್ನ ಮುಖ ನೋಡಿದಳು. ನಾನು ಭಾನುವಾರ ಬಿತ್ತಿದ್ದು ಅಲ್ಲಿ ಮೊಳಕೆಯೊಡೆದು ಕೂತಿತ್ತು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಲೊರೀನ್ ಮತ್ತೆ ಈ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ, ಆಶ್ರಮದ ಮಾತೂ ಅಲ್ಲಿಗೆ ಮುಗಿಯುತ್ತಿತ್ತು, ನಾನು ಸಾಯುವವರೆಗೆ ನನ್ನ ಮಂಚದಲ್ಲೇ ಮಲಗುತ್ತಿದ್ದೆ. ಆದರೆ ವಿಲ್ಮರ್ ಗಂಡಸಿನ ಕೈ ಎಂದು ಶುರು ಮಾಡುವವನಿದ್ದ, ಬಾಯಿ ತೆರೆದಿದ್ದ. ಅವನು ಹೇಳಿದ್ದರೆ ಮಾರ್ಲಿಸ್‌ಗೆ ತಿಳಿಯಲು ಅರೆಗಳಿಗೆಯೂ ಬೇಕಿರಲಿಲ್ಲ.

ನಾನು ಹೇಳಿದೆ, ಮಾಡಿದ್ದು ನಾನೇ ಎಂದು. ದೂಳು ಒರೆಸಲು ಬಿಚ್ಚಿದೆ, ಒಳಗೆ ಸ್ಕ್ರೂಗಳು ಸಡಿಲವಾಗಿದ್ದವು, ಬೆಣ್ಣೆ ಚಾಕುವಿನಿಂದ ಬಿಗಿ ಮಾಡಿದೆ, ಆಮೇಲೆ ಮರೆತೇಹೋಯಿತು ಎಂದೆ. ವಿಲ್ಮರ್ ನನ್ನ ಬೆರಳುಗಳನ್ನು ನೋಡಿದ. ಬೆಳಿಗ್ಗೆ ಜಾಮಿನ ಮುಚ್ಚಳ ತೆಗೆದುಕೊಟ್ಟವನು ಅವನೇ. ಆಮೇಲೆ, "ಬೆಣ್ಣೆ ಚಾಕು ಆದ್ರೂ ಆಗತ್ತೆ" ಎಂದ. ಮಾರ್ಲಿಸ್ ನನ್ನನ್ನು ಬೈಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಚಾದರವನ್ನು ನನ್ನ ಮಂಡಿಯ ಮೇಲೆ ಎಳೆದು ಸರಿಮಾಡಿದಳು. ಬುದ್ಧಿ ತಪ್ಪಿದ ಮುದುಕಿಯ ಮೇಲೆ ಯಾರು ಕೋಪ ಮಾಡಿಕೊಳ್ಳುತ್ತಾರೆ. ಲೊರೀನ್ ನನ್ನ ಕೈ ಹಿಡಿದು ಅತ್ತಳು. "ಅಮ್ಮಾ, ನಿನಗೆ ಏನು ಮಾಡ್ತೀನಿ ಅನ್ನೋದೇ ಈಗೀಗ ನೆನಪಿರಲ್ಲ, ಇನ್ನು ಹೇಗೆ ಬಿಡ್ಲಿ ನಿನ್ನ ಇಲ್ಲಿ" ಎಂದಳು. ಅದಕ್ಕೆ ನಾನು ಹೂಂ ಎಂದೆ. ಶನಿವಾರ ಬಂದು ಕರೆದುಕೊಂಡು ಹೋಗುತ್ತಾಳೆ.

ನೀನು ಬಂದಾಗ ನಾನು ಇಲ್ಲಿರುವುದಿಲ್ಲ. ಅದಕ್ಕೆ ಈಗಲೇ ಹೇಳುತ್ತಿದ್ದೇನೆ, ಮಾರ್ಲಿಸ್ ಹತ್ತಿರ ಸಾಯುವವರೆಗೂ ಬಾಯಿ ಬಿಡಬೇಡ. ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅವಳ ಸಂಸಾರ ಮುರಿಯಬೇಡ. ಸುಳ್ಳು ಹೇಳಿದ್ದಕ್ಕೆ ದೇವರಿಗೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ಇದನ್ನು ಓದಿದ ಕೂಡಲೇ ಸುಟ್ಟುಹಾಕು. ಆಶ್ರಮದ ವಿಳಾಸ ಲೊರೀನ್ ಕಳಿಸುತ್ತಾಳೆ. ಅಲ್ಲಿ ಕಣ್ಣು ಮಂಜಾದವರಿಗೆ ಪತ್ರಗಳನ್ನು ನರ್ಸುಗಳೇ ಒಡೆದು ಓದಿ ಹೇಳುತ್ತಾರಂತೆ, ಅವರನ್ನು ನಾನು ನಂಬುವುದಿಲ್ಲ. ಹಾಗಾಗಿ ನನಗೆ ಬರೆಯುವಾಗ ಇದಾವುದೂ ಬೇಡ, ಕ್ಷಮಿಸು ಅನ್ನುವುದೂ ಬೇಡ. ಗೋಧಿಯ ವಿಷಯ ಮಾತ್ರ ಬರೆ.